ಚನ್ನವೀರಮ್ಮ ಟೀಚರರ ಎಡಗೈ ಪಾಠ

ಕುರುಗೋಡಿನ ಹತ್ತಿ ವ್ಯಾಪಾರಿ ದೊಡ್ಡಬಸಪ್ಪನವರು ಆ ಪಿಯಾನೋ ಕೊಂಡದ್ದೇ ತಪ್ಪು ತಿಳಿದು. ಬ್ರಿಟಿಷರು ಗಂಟುಮೂಟೆ ಕಟ್ಟಿದ ವರ್ಷ ಬಳ್ಳಾರಿ ಕಂಟೋನ್ಮೆಂಟಿನ ಬಂಗಲೆಯೊಂದರಲ್ಲಿ ಸಾಮಾನು ಹರಾಜಾಗುತ್ತಿತ್ತು. ಅದರ ಕರಿ-ಬಿಳಿ ಸ್ವರದ ಮನೆಗಳ ಉದ್ದನೆಯ ಸಾಲು ಕಂಡದ್ದೇ ತಡ, ಇಷ್ಟು ದೊಡ್ಡ ಹಾರ್ಮೋನಿಯಂ ಸಿಕ್ಕರೆ ಬಸವೇಶ್ವರ ಗುಡಿಯ ಭಜನೆಗೆ ಇನ್ನೇನು ಬೇಕು ಎಂದುಕೊಂಡು ಕೂಗಿ ಹಿಡಿದರು. ಎತ್ತಿನ ಗಾಡಿಯಲ್ಲಿ ಅದು ಊರು ಸೇರಿದ ದಿನ ಭಜನೆಯವರು ಸುತ್ತ ನಿಂತು ಗಾಳಿ ಹಾಕುವ ತಿದಿ ಎಲ್ಲಿದೆ ಎಂದು ಹುಡುಕಿದ್ದೇ ಹುಡುಕಿದ್ದು. ತಿದಿಯಿಲ್ಲದ ಪೆಟ್ಟಿಗೆ ಗುಡಿಗೆ ಹೋಗಲಿಲ್ಲ, ಪಡಸಾಲೆಯಲ್ಲೇ ಉಳಿಯಿತು. ಅದನ್ನು ಬಿಡದೆ ಮುಟ್ಟಿದವಳು ಮಗಳು ಚನ್ನವೀರಮ್ಮ ಒಬ್ಬಳೇ.

ಆ ಮಗಳು ಸಾಮಾನ್ಯಳಲ್ಲ. ಕಂಟೋನ್ಮೆಂಟಿನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಡೊರೊತಿ ಮಿಸ್ಸಿನ ಬೆನ್ನು ಬಿದ್ದು ಕಲಿತಳು. ಅರವತ್ತರ ದಶಕದಲ್ಲಿ ಹಣೆಗೆ ವಿಭೂತಿ ಹಚ್ಚಿ, ಇಳಕಲ್ ಸೀರೆ ಉಟ್ಟು ಮದ್ರಾಸು, ಹೈದರಾಬಾದಿನ ವೇದಿಕೆಗಳಲ್ಲಿ ಪಿಯಾನೋ ಮುಂದೆ ಕೂತರೆ ಕೋಟು-ಬೂಟಿನವರು ಕೆಮ್ಮುವುದನ್ನೂ ಮರೆಯುತ್ತಿದ್ದರು. ಮದುವೆಯ ಮಾತೆತ್ತಿದವರಿಗೆ, "ಪಿಯಾನೋ ಸಮೇತ ಒಪ್ಪೋ ಗಂಡಿದ್ರ ನೋಡ್ರಿ" ಎನ್ನುತ್ತಿದ್ದಳು. ಅಂಥ ಗಂಡು ಸಿಗಲಿಲ್ಲ, ಅವಳು ಹುಡುಕಲೂ ಇಲ್ಲ. ಒಮ್ಮೆ ಮದ್ರಾಸಿನ ದೊಡ್ಡ ಮನುಷ್ಯರೊಬ್ಬರು, ಬಳ್ಳಾರಿಯಲ್ಲೂ ಪಿಯಾನೋ ಕಲಿಸುವವರಿದ್ದಾರೆಯೇ ಎಂದು ನಕ್ಕರು. "ಇಲ್ರಿ. ಇನ್ಮ್ಯಾಲೆ ಇರ್ತಾರ" ಎಂದ ಚನ್ನವೀರಮ್ಮ ಮರುವರ್ಷವೇ ಕಂಟೋನ್ಮೆಂಟಿನಲ್ಲಿ ಮನೆ ಹಿಡಿದು ಪಾಠ ಶುರುಮಾಡಿದರು. ಕೈಗೆ ಬಂದ ಕೀರ್ತಿಯನ್ನು ಹೀಗೆ ಬಿಟ್ಟು ಬರುವುದಕ್ಕೆ ಎಂಟೆದೆ ಬೇಕು.

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ. ಮರ ಸೀಳದಿರಲಿ ಎಂದು ಪಿಯಾನೋದ ಹೊಟ್ಟೆಯೊಳಗೆ ನೀರು ತುಂಬಿದ ಬೋಗುಣಿ ಇಟ್ಟು, ಕೂಸಿನಂತೆ ಅದನ್ನು ಸಾಕಿದರು. ಅವರ ಪಾಠದ ಕ್ರಮವೂ ವಿಚಿತ್ರ. ಮೊದಲ ಆರು ತಿಂಗಳು ಬರೀ ಎಡಗೈ. ಬಲಗೈ ಮಡಿಲಲ್ಲಿ ಸುಮ್ಮನಿರಬೇಕು. ತಾಯಿತಂದೆಯರು ಗೊಣಗಿದರೆ, "ನಾವು ಪೂಜಿ ಮಾಡುವಾಗ ಲಿಂಗ ಯಾವ ಕೈಯಾಗ ಇಟ್ಕಂತೀವಿ? ಎಡಗೈಯಾಗ. ಬಲಗೈ ಹೂವು, ಪತ್ರಿ ಏರಿಸತೈತಿ. ಹೊರೋ ಕೈ ಅಲುಗಾಡಿದ್ರ ಪೂಜಿ ಎಲ್ಲಿಂದ ಬಂತು?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಶಿಷ್ಯರು ಬಹಳ ಬಂದರು. ಆಫೀಸರರ ಮಕ್ಕಳು ವರ್ಗವಾಗಿ ಹೋದರು, ವ್ಯಾಪಾರಿಗಳ ಹೆಣ್ಣುಮಕ್ಕಳು ಮದುವೆಯಾಗಿ ಹೋದರು. ತಮ್ಮ ನಂತರ ಈ ಊರಲ್ಲಿ ಕಲಿಸುವವರು ಒಬ್ಬರಾದರೂ ಉಳಿಯಬೇಕು ಎಂಬುದೊಂದೇ ಅವರ ಆಸೆ. ಆ ಆಸೆ ಎಪ್ಪತ್ತೈದನೇ ಇಸವಿಯ ಹೊತ್ತಿಗೆ ಹನುಮಮ್ಮನ ಮೇಲೆ ಬಂದು ನಿಂತಿತ್ತು. ಸಿರುಗುಪ್ಪ ತಾಲ್ಲೂಕು ಕರೂರಿನ ಭತ್ತದ ರೈತ ಅಂಜಿನಪ್ಪನ ಮಗಳು. ಬಳ್ಳಾರಿಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಹುಟ್ಟಾ ಎಡಚಿ. ಊರಲ್ಲಿ ಏಟು ತಿಂದು ತಿಂದು ಮುದುಡಿದ್ದ ಆ ಕೈ ಪಿಯಾನೋದ ಮೇಲೆ ಬಿದ್ದ ದಿನವೇ ಚನ್ನವೀರಮ್ಮನವರ ಮೈ ಜುಂ ಎಂದಿತ್ತು. ತಮಗೆ ಹತ್ತು ವರ್ಷ ಹಿಡಿದದ್ದು ಆ ಹುಡುಗಿಗೆ ಮೂರೇ ವರ್ಷದಲ್ಲಿ ಒಲಿದಾಗ ಅವರಿಗೆ ಹೊಟ್ಟೆಕಿಚ್ಚಾಗಲಿಲ್ಲ, ಹೊಟ್ಟೆ ತಂಪಾಯಿತು.

ದಸರೆ ರಜೆ ಮುಗಿದ ವಾರ ಹನುಮಮ್ಮನ ಅಜ್ಜಿ ಮಾರೆಮ್ಮ ಮೊಮ್ಮಗಳ ಕೈ ಹಿಡಿದು ಎಳೆದುಕೊಂಡೇ ಬಂದಳು. ಮುದುಕಿಗೆ ಕಿವಿ ಮಂದ, ಹಾಗಾಗಿ ಲೋಕಕ್ಕೆಲ್ಲ ಕಿವುಡು ಎಂಬಂತೆ ಕೂಗಿ ಮಾತಾಡುತ್ತಿದ್ದಳು.

"ಟೀಚರಮ್ಮ, ಏನು ಕಲಿಸೀರಿ ಈಕಿಗೆ? ಹೆಣ್ಣು ನೋಡಾಕ ಬಂದೋರಿಗೆ ಎಡಗೈಲೆ ಎಲಿ-ಅಡಕಿ ಕೊಟ್ಲು! ಬಂದೋರು ನೀರೂ ಕುಡೀದಂಗ ಎದ್ದು ಹೋದ್ರು. ನಾನು ಬಡದು ಬಡದು ತಿದ್ದಿದ್ದೆ, ನೀವು ಕೆಡಿಸಿದ್ರಿ. ಸಾಕು ಸಾಲಿ, ಊರಿಗೆ ಕರ್ಕಂಡು ಹೋಗ್ತೀನಿ."

ಚನ್ನವೀರಮ್ಮ ತಮ್ಮ ಬ್ರಹ್ಮಾಸ್ತ್ರ ತೆಗೆದರು. ಲಿಂಗ, ಎಡಗೈ, ಪೂಜೆ, ಎಲ್ಲವನ್ನೂ ಗಂಟಲು ಹರಿಯುವಂತೆ ಕೂಗಿ ಹೇಳಿದರು. ಮಾರೆಮ್ಮ ಪೂರ್ತಿ ಕೇಳಿ, "ಅದು ನಿಮ್ಮ ಮಂದಿಗೆ ಆತು. ನಮ್ಮ ಹುಡುಗಿ ಲಿಂಗ ಕಟ್ಯಾಳೇನು?" ಎಂದಳು.

"ಐತಾರ ಇಲ್ಲೇ ಮಕ್ಕಳ ಕಚೇರಿ ಐತಿ, ಯಮ್ಮಾ. ಒಂದ್ಸಲ ಕೇಳಿ ಹೋಗ್ರಿ" ಎಂದು ಚನ್ನವೀರಮ್ಮ ಬೇಡಿಕೊಂಡರು. ಬೇಡುವುದು ಅವರ ಜಾಯಮಾನವಲ್ಲ.

"ಐತಾರ ಕೇಳ್ತೀನಿ, ಸೋಮಾರ ಕರ್ಕಂಡು ಹೋಗ್ತೀನಿ" ಎಂದಳು ಮಾರೆಮ್ಮ.

ಭಾನುವಾರ ಸಂಜೆ ಹಜಾರದ ತುಂಬ ತಾಯಿತಂದೆಯರು. ಮಾರೆಮ್ಮನಿಗೆ ಕುರ್ಚಿ ಒಗ್ಗಲಿಲ್ಲ. ಸೀದಾ ಬಂದು ಪಿಯಾನೋದ ಎಡಗಡೆ ನೆಲದ ಮೇಲೆ ಕಾಲು ಚಾಚಿ, ಅದರ ಮರಕ್ಕೆ ಬೆನ್ನು ಕೊಟ್ಟು ಕೂತಳು. ಹನುಮಮ್ಮನ ಸರದಿ ಬಂತು. ಕೆಳಗೆ ಅಜ್ಜಿಯನ್ನು ಕಂಡ ಹುಡುಗಿಯ ಮುಖ ಬಿಳಿಚಿತು. ನಾಲ್ಕು ಸ್ವರ ನುಡಿಸುವಷ್ಟರಲ್ಲಿ ಎಡಗೈ ಮೆಲ್ಲಗೆ ಜಾರಿ ಮಡಿಲು ಸೇರಿತು. ಬಲಗೈ ಒಂದೇ ತಬ್ಬಲಿಯಂತೆ ಅಲೆಯತೊಡಗಿತು. ಹಿಂದೆ ಯಾರೋ ಕಿಸಕ್ಕೆಂದರು.

ಚನ್ನವೀರಮ್ಮ ಎದ್ದು ಹೋಗಿ ಹುಡುಗಿಯ ಬಲಕ್ಕೆ ಅದೇ ಬೆಂಚಿನ ಮೇಲೆ ಕೂತು, ಅವಳ ಬಲಗೈಯನ್ನು ಸ್ವರದ ಮನೆಗಳ ಮೇಲಿಂದ ಎತ್ತಿ ಪಕ್ಕಕ್ಕಿಟ್ಟರು.

"ಬಲಗೈದು ನಂಗ ಬಿಡು. ಎಡಗೈದು ನಿಂದು. ನೀ ಹೊರು, ನಾ ಪೂಜಿ ಮಾಡ್ತೀನಿ."

ದೊಡ್ಡ ದೊಡ್ಡ ಸಭೆಗಳನ್ನು ಗೆದ್ದ ಆ ಬೆರಳುಗಳು ಹದಿನಾರರ ಹುಡುಗಿಯ ಎಡಗೈಗೆ ಕಾದು ನಿಂತವು. ಅದು ಮಡಿಲಿನಿಂದ ಎದ್ದು ಬಂತು. ಮೊದಲು ಅಂಜಿಕೊಂಡು, ಆಮೇಲೆ ತನ್ನ ಮನೆಗೆ ತಾನೇ ಬಂದಂತೆ. ಕೆಳಗಿನ ಸ್ವರಗಳು ಗುಂಯ್ ಎಂದು ಎದ್ದು ಹಜಾರದ ನೆಲವನ್ನೇ ತುಂಬಿದವು. ಮೇಲೆ ಚನ್ನವೀರಮ್ಮ ಎಂದೂ ನುಡಿಸದಷ್ಟು ಚೆಂದವಾಗಿ ನುಡಿಸಿದರು. ಕೇಳಿದವರು ಪುಣ್ಯವಂತರು.

ಚಪ್ಪಾಳೆ ನಿಂತ ಮೇಲೂ ಮಾರೆಮ್ಮ ಮರಕ್ಕೆ ಒರಗಿಕೊಂಡೇ ಇದ್ದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ಟೀಚರಮ್ಮ, ಬ್ಯಾಸರ ಮಾಡ್ಕಬ್ಯಾಡ್ರಿ. ನೀವು ಬಾರಿಸಿದ್ದು ನಂಗ ಒಂದೂ ಕೇಳಲಿಲ್ಲ. ಸಣ್ಣ ಸಪ್ಪಳ ನನ್ನ ಕಿವಿಗೆ ಬರಂಗಿಲ್ಲ. ಈಕಿ ಬಾರಿಸಿದ್ದು ಅಷ್ಟ ಬಂತು. ಬೆನ್ನಾಗ ಹೊಕ್ಕು ಎದಿಗೆ ಬಂತು."

ಪತ್ರಿಕೆಗಳು ಹಾಡಿ ಹೊಗಳಿದಾಗ ಕಣ್ಣು ಒದ್ದೆಯಾಗದ ಚನ್ನವೀರಮ್ಮ, ತಮ್ಮದೊಂದು ಸ್ವರವೂ ಕೇಳಲಿಲ್ಲ ಎಂದ ಮುದುಕಿಯ ಮುಂದೆ ಸೆರಗು ಕಣ್ಣಿಗೊತ್ತಿಕೊಂಡರು. ಇಷ್ಟು ಸಂತೋಷ ಅವರಿಗೆ ಯಾವ ವೇದಿಕೆಯೂ ಕೊಟ್ಟಿರಲಿಲ್ಲ.

"ಕೈ ಕೊಡು ಇಲ್ಲಿ" ಎಂದಳು ಮಾರೆಮ್ಮ ಮೊಮ್ಮಗಳಿಗೆ. ಹುಡುಗಿ ಹೆದರಿ ಬಲಗೈ ಚಾಚಿದಳು.

"ಇದಲ್ಲ, ಹುಡುಗಿ. ಆ ಕೈ."

ಮುದುಕಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ಎಷ್ಟೋ ವರ್ಷ ತಾನೇ ಬಡಿದ ಕೈ ಅದು. ಸೋಮವಾರ ಸಿರುಗುಪ್ಪದ ಬಸ್ಸಿಗೆ ಮಾರೆಮ್ಮ ಒಬ್ಬಳೇ ಹತ್ತಿದಳು.