ಬ್ರೌನಿ ಮೇಲಿನ ಬಿರುಕು

ಗಾರೆ ಮೇಸ್ತ್ರಿ ತಾನು ಸವರಿದ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಊಟ ಬಿಡುವ ಆಸಾಮಿ. ಅದು ಊರವರ ಗೋಡೆಯ ಮಾತು. ಅವನದೇ ಅಡುಗೆಮನೆಯಲ್ಲಿ ಸಿಂಕಿನಿಂದ ಚಾವಣಿಯವರೆಗೆ, ಜಿರಳೆಗಳು ಸಂಸಾರ ಹೂಡುವಷ್ಟು ದೊಡ್ಡ ಬಿರುಕಿತ್ತು. ಹೆಂಡತಿ ಮಾತೆತ್ತಿದಾಗಲೆಲ್ಲ ‘ನಾಳೆ ನೋಡೋಣ’ ಎಂದು ಜಾರಿಕೊಳ್ಳುತ್ತಿದ್ದ.

ಆ ಭಾನುವಾರ ಮಗಳು ಗೆಳತಿಯರಿಗೆಂದು ಚಾಕೊಲೇಟ್ ಬ್ರೌನಿಯ ಹಿಟ್ಟು ಕಲಸಿ ಓವನ್ನಿನಲ್ಲಿಟ್ಟು, “ಗಂಟೆ ಹೊಡೆದ ತಕ್ಷಣ ಹೊರಗೆ ತೆಗಿಯಪ್ಪಾ” ಎಂದು ಹೇಳಿ ಸ್ನಾನಕ್ಕೆ ಹೋದಳು. ಗಂಟೆ ಹೊಡೆಯಿತು. ಮೇಸ್ತ್ರಿ ತಟ್ಟೆ ಹೊರತೆಗೆದು ನೋಡುತ್ತಾನೆ, ಬ್ರೌನಿಯ ಮೈತುಂಬ ಬಿರುಕು! ಬಂದವರೆದುರು ಮಗಳ ಮರ್ಯಾದೆಯ ಗತಿಯೇನು? ಮಿಕ್ಕಿದ್ದ ಚಾಕೊಲೇಟನ್ನು ಕರಗಿಸಿ, ಬೆಣ್ಣೆ ಸವರುವ ಚಾಕುವಿನಿಂದ ಬಳಿದು, ಮಣಿಕಟ್ಟು ತಿರುಗಿಸುತ್ತ ಕನ್ನಡಿಯಂತೆ ನಯ ಮಾಡಿದ. ಸಾಲದ್ದಕ್ಕೆ ಬಗ್ಗಿ, ಒಂದು ಕಣ್ಣು ಮುಚ್ಚಿ ಮಟ್ಟವನ್ನೂ ನೋಡಿದ.

ಮಗಳು ತಲೆ ಒರೆಸಿಕೊಳ್ಳುತ್ತ ಬಂದಳು. “ಅಪ್ಪಾ! ಮೇಲೆ ಬಿರುಕು ಬಂದಿರಲಿಲ್ವಾ?”

“ಬಂದಿತ್ತು, ಮುಚ್ಚಿಬಿಟ್ಟೆ. ಯಾರಪ್ಪನಿಗೂ ಗೊತ್ತಾಗಲ್ಲ.”

“ಅಯ್ಯೋ ಕರ್ಮವೇ! ಒಳಗೆ ಅಂಟಂಟು, ಮೇಲೆ ಬಿರುಕು ಬಿಟ್ಟು ಗರಿಗರಿ. ಹಾಗಿದ್ರೇನೇ ಅದು ಬ್ರೌನಿ!”

ಬಾಗಿಲಿಗೆ ಒರಗಿದ್ದ ಹೆಂಡತಿ ಒಮ್ಮೆ ತಟ್ಟೆ ನೋಡಿದಳು, ಒಮ್ಮೆ ಗೋಡೆ ನೋಡಿದಳು.

“ಮದುವೆಯಾದಾಗಿಂದ ಈ ಮನೇಲಿ ನಿಮ್ಮಪ್ಪ ಮುಚ್ಚಿದ ಮೊದಲ್ನೇ ಬಿರುಕು ಕಣೇ” ಎಂದಳು. “ಅದೂ ಮುಚ್ಚಬಾರದ್ದು.”