ಕೇಳದೇ ಕಟ್ಟಿದ ಬೆಲ್ಟು

ವಾಡಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುವ ಮಹಾದೇವಮ್ಮನಿಗೆ ಸಿಟ್ಟು ಬರುವುದು ಹೊಸದೇನಲ್ಲ. ರೊಟ್ಟಿ ದಪ್ಪ ಆಯಿತೆಂದವರಿಗೆ, ಪುಂಡಿಪಲ್ಯ ಬಿಟ್ಟು ಎದ್ದವರಿಗೆ, ಬೀಡಿ ಹಚ್ಚಿಕೊಂಡೇ ಒಳಗೆ ಕಾಲಿಟ್ಟವರಿಗೆ ಆಕೆ ಬೈಯುತ್ತಿದ್ದಳು. ರೈಲ್ವೆಯವರು, ಸಿಮೆಂಟ್ ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದವರು ಬೈಸಿಕೊಂಡೇ ಹೊಟ್ಟೆ ತುಂಬ ಉಂಡು ಹೋಗುತ್ತಿದ್ದರು. ಆದರೆ ಆ ವರ್ಷ ಆಕೆಗೆ ಬಂದ ಸಿಟ್ಟು ಅಷ್ಟು ಸುಲಭಕ್ಕೆ ಆರುವಂಥದ್ದಾಗಿರಲಿಲ್ಲ.

ವಯಸ್ಸು ಐವತ್ತು ದಾಟಿತ್ತು. ಮೂರು ಹೆರಿಗೆಯೂ ಮನೆಯಲ್ಲೇ ಆಗಿದ್ದವು. ಪ್ರತಿ ಸಲವೂ ಬಾಣಂತನ ಪೂರಾ ಮುಗಿಯುವ ಮೊದಲೇ ಎದ್ದು ಒಲೆಯ ಮುಂದೆ ಕೂತವಳು. ಒಂದು ದಿನ ಬೇಳೆಯ ದೊಡ್ಡ ಪಾತ್ರೆ ಎತ್ತಿ ಇಳಿಸುವಾಗ ಒಳಗಿನದೇನೋ ಜಾರಿ ಕೆಳಗಿಳಿದಂತಾಯಿತು. ಸಂಜೆ ಹೊತ್ತಿಗೆ ತೊಡೆಗಳ ನಡುವೆ ಭಾರ. ಮರುದಿನ ಸ್ನಾನಕ್ಕೆ ಕೂತಾಗ ಕೈಗೆ ಮೆತ್ತಗಿನ ಉಂಡೆಯೊಂದು ತಾಗಿತು. ಆಕೆ ಹೆದರಿ ನೀರಿನ ಚೊಂಬನ್ನು ಹಾಗೇ ಹಿಡಿದು ಕೂತುಬಿಟ್ಟಳು. ಗಡ್ಡೆಯೋ, ಇನ್ನೇನೋ! ಯಾರಿಗೆ ಹೇಳುವುದು? ಗಂಡ ಸಿದ್ಧಲಿಂಗ ಗಲ್ಲಾದ ಮೇಲೆ ಕೂಡುತ್ತಿದ್ದ, ಸಂತೆ ಮಾಡುತ್ತಿದ್ದ; ಕೆಟ್ಟವನಲ್ಲ, ಆದರೆ ಹೆಂಡತಿಯ ಮೈಯ ಬಗ್ಗೆ ಎಂದೂ ಒಂದು ಮಾತು ಕೇಳಿದವನಲ್ಲ. ಆಕೆ ಹಳೆಯ ಸೀರೆಯ ಅರಿವೆ ಮಡಿಚಿ ಕಟ್ಟಿಕೊಂಡು, ಕುಕ್ಕರುಗಾಲಲ್ಲಿ ಕೂಡಲಾರದೆ ನಿಂತೇ ರೊಟ್ಟಿ ಬಡಿಯತೊಡಗಿದಳು.

ಗಮನಿಸಿದವಳು ಪಕ್ಕದ ಬಳೆ ಅಂಗಡಿಯ ಬಷೀರಾ. "ಅಕ್ಕಾ, ಯಾಕ ಹಂಗ ಕಾಲು ಅಗಲಿಸಿ ನಡಿಯಾಕತ್ತಿ?" ಎಂದು ಕೇಳಿದಳು. ಬಹಳ ಒತ್ತಾಯಿಸಿದ ಮೇಲೆ ಮಹಾದೇವಮ್ಮ ಹೇಳಿದಳು. ಬಷೀರಾ ಕಣ್ಣರಳಿಸಲಿಲ್ಲ. "ಮೈ ಜಾರೋದು ಅಂತಾರ ಅದಕ್ಕ. ನಮ್ಮ ಅಮ್ಮಾಗೂ ಇತ್ತು. ಪಾಪ, ಸಾಯೋತನ ಯಾರ ಮುಂದನೂ ಬಾಯಿ ಬಿಡ್ಲಿಲ್ಲ" ಎಂದಳು.

ಅದೇ ವಾರ ಆಟೋದಲ್ಲಿ ಮೈಕು ಕೂಗಿಕೊಂಡು ಬಂತು. ಸೊಂಟ ನೋವು, ಜೋಲು ಹೊಟ್ಟೆ, ಮೈ ಜಾರುವುದು, ಎಲ್ಲಕ್ಕೂ ಒಂದೇ ಬೆಲ್ಟು, ತಪಾಸಣೆ ಪುಕ್ಕಟೆ. ಇಬ್ಬರೂ ಹೋದರು. ಕಲ್ಯಾಣ ಮಂಟಪದ ತುಂಬ ಹೆಂಗಸರು. ಬಿಳಿ ಕೋಟು ಹಾಕಿದ ಒಬ್ಬ ಗಂಡಸು ಮೇಜಿನ ಹಿಂದೆ ಕೂತಿದ್ದ. ಮಹಾದೇವಮ್ಮ ದನಿ ತಗ್ಗಿಸಿ, "ಸಾಹೇಬ್ರ, ನಂಗ ಕೆಳಗ..." ಎನ್ನುವಷ್ಟರಲ್ಲಿ ಆತ ಕೈ ಎತ್ತಿದ.

"ಗೊತ್ತದ, ಗೊತ್ತದ. ನಿಮ್ಮ ವಯಸ್ಸಿನೋರಿಗೆಲ್ಲಾ ಅದೇ. ತಿರುಗಿ ನಿಂದರ್ರಿ."

ಅವನ ಜೊತೆಯ ಹುಡುಗಿ ಸೀರೆಯ ಮೇಲೇ ಬೆಲ್ಟು ಸುತ್ತಿ, ಮೊಣಕಾಲು ಊರಿ ಎಳೆದು ಬಿಗಿದಳು. ಹಿಂದೆ ನಿಂತ ಬಾಣಂತಿಗೂ ಅದೇ, ಅವಳ ಹಿಂದಿನ ಮುದುಕಿಗೂ ಅದೇ. ಪುಕ್ಕಟೆ ಇದ್ದದ್ದು ತಪಾಸಣೆ; ಬೆಲ್ಟು ಪುಕ್ಕಟೆ ಇರಲಿಲ್ಲ.

ಮೊದಲೆರಡು ದಿನ ಸೊಂಟಕ್ಕೆ ಯಾರೋ ಆಸರೆ ಕೊಟ್ಟಂತೆ ಅನ್ನಿಸಿತು. ಆಮೇಲೆ ಶುರುವಾಯಿತು. ಹೊಟ್ಟೆ ಬಿಗಿದಷ್ಟೂ ಆ ಉಂಡೆ ಇನ್ನೂ ಕೆಳಗೆ ಬಂತು. ನಡೆದರೆ ಉಜ್ಜುತ್ತಿತ್ತು, ಕೂತರೆ ಒತ್ತುತ್ತಿತ್ತು. ಒಂದು ಮಧ್ಯಾಹ್ನ, ಊಟದ ಗದ್ದಲದಲ್ಲೇ, ಮೂತ್ರ ಕಟ್ಟಿಕೊಂಡಿತು. ಪಾಯಖಾನೆಯ ಗೋಡೆಗೆ ಹಣೆ ಒತ್ತಿ ನಿಂತು ಆಕೆ ಅಳುತ್ತಿದ್ದಳು, ಹೊರಗೆ ಯಾರೋ "ಅಮ್ಮಾ, ರೊಟ್ಟಿ!" ಎಂದು ಕೂಗುತ್ತಿದ್ದರು. ಬೆಲ್ಟು ಕಿತ್ತು ಬಿಸಾಕಿದ ಮೇಲೆಯೇ ಒಂದಿಷ್ಟು ಹಗುರವಾಯಿತು. ಬೆಲ್ಟಿನ ಡಬ್ಬಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿದರೆ, "ಇನ್ನೂ ಬಿಗಿ ಕಟ್ಟ್ರಿ, ರೂಢಿ ಆಗ್ತದ" ಎಂದು ಹೇಳಿ ಇಟ್ಟುಬಿಟ್ಟರು.

ಅಂದು ಆಕೆ ಗಂಡನಿಗೆ ಹೇಳಿದಳು. ಸಿದ್ಧಲಿಂಗನ ಮುಖ ಬಿಳಿಚಿತು. ಮರುದಿನವೇ ಶಹಾಬಾದಿನ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರು ಸ್ಕ್ಯಾನಿಂಗ್ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದ. ಮಹಾದೇವಮ್ಮನನ್ನು ನೋಡಲಿಲ್ಲ.

"ಗರ್ಭಚೀಲ ಜಾರ್ಯದ. ತೆಗೆದು ಬಿಡೋಣು. ಈ ವಯಸ್ಸಿನ್ಯಾಗ ಅದರದೇನು ಕೆಲಸ?" ಎಂದು ಸಿದ್ಧಲಿಂಗನಿಗೆ ಹೇಳಿದ. "ನಾಡದು ಅಡ್ಮಿಟ್ ಮಾಡ್ರಿ."

ಸಿದ್ಧಲಿಂಗ ಹೂಂ ಎಂದು ತಲೆಯಾಡಿಸಿದ.

"ಡಾಕ್ಟರೇ, ಇಲ್ಲಿ ನೋಡ್ರಿ" ಎಂದಳು ಮಹಾದೇವಮ್ಮ. "ತ್ರಾಸ ನಂದು. ಕೊಯ್ಯಲಾರದೇ ಬ್ಯಾರೆ ದಾರಿ ಏನೂ ಇಲ್ಲೇನ್ರಿ?"

ಅವನು ನಕ್ಕ. "ರಿಂಗ್ ಅಂತ ಒಂದದ. ಒಳಗ ಇಡೋದು. ಅದೆಲ್ಲಾ ನಿಮ್ಮಂಥೋರಿಗೆ ಆಗಂಗಿಲ್ಲಮ್ಮ. ತೆಗೀಬೇಕು, ತೊಳೀಬೇಕು, ಸ್ವಚ್ಛ ಇಡೋದು ತಿಳೀಬೇಕಲ್ಲ."

ಆಕೆಯ ಕಿವಿ ಬಿಸಿಯಾದವು. "ಊರ ಮಂದಿಗೆಲ್ಲಾ ಅನ್ನ ಹಾಕಾಕಿ ನಾನು. ನನ್ನ ಅಡಗಿಮನಿ ನೆಲದ ಮ್ಯಾಲ ಊಟ ಬಡಿಸಿದ್ರೂ ಉಣ್ಣಬಹುದು. ನಂಗ ಸ್ವಚ್ಛ ತಿಳಿಯಂಗಿಲ್ಲಂತ ನೀವು ಯಾವಾಗ ಬಂದು ನೋಡಿದ್ರಿ? ನನ್ನ ಮೈನೂ ನೋಡ್ಲಿಲ್ಲ, ನನ್ನ ಮನಿನೂ ನೋಡ್ಲಿಲ್ಲ!" ಎಂದು ಎದ್ದು ಹೊರಟೇಬಿಟ್ಟಳು.

ಮರಳಿ ಬರುವ ದಾರಿಯಲ್ಲಿ ಸಿದ್ಧಲಿಂಗ ಗೊಣಗಿದ. "ಅಷ್ಟು ದೊಡ್ಡ ಡಾಕ್ಟರ್ ಮುಂದ ಹಂಗ ಮಾತಾಡ್ತಾರೇನು?"

"ಅವ ನಿಮ್ಮನ್ನ ಕೇಳಿದ, ನೀವು ಹೂಂ ಅಂದ್ರಿ. ಚೀಲ ನಿಮ್ಮದೇನ್ರಿ?"



ಆದರೆ ಆ ಡಾಕ್ಟರು ತಿರಸ್ಕಾರದಿಂದ ಆಡಿದ ಒಂದು ಶಬ್ದ ಮಹಾದೇವಮ್ಮನ ತಲೆಯಲ್ಲಿ ಉಳಿಯಿತು: ರಿಂಗ್. ಬಷೀರಾಳ ಸೊಸೆ ಹೆರಿಗೆಯಾದ ಮೇಲೆ ಸೇಡಂನಲ್ಲಿ ಲುಂಬಿನಿ ಎಂಬ ಹೆಣ್ಣು ಡಾಕ್ಟರ ಕ್ಲಿನಿಕ್ಕಿನಲ್ಲಿ ತೋರಿಸಿಕೊಳ್ಳುತ್ತಿದ್ದಳು. ಒಂದು ಮುಂಜಾನೆ ಬಷೀರಾ ಮತ್ತು ಮಹಾದೇವಮ್ಮ ಚಿತ್ತಾಪುರದ ಮೇಲೆ ಹೋಗುವ ಪ್ಯಾಸೆಂಜರ್ ರೈಲು ಹತ್ತಿದರು. ಸಿಟ್ಟಿನ ಸಾಕ್ಷಿಗೆಂದು ಮಹಾದೇವಮ್ಮ ಆ ಬೆಲ್ಟನ್ನೂ ಚೀಲದಲ್ಲಿ ತುರುಕಿಕೊಂಡಿದ್ದಳು.

ಲುಂಬಿನಿ ಚಿಂಚೋಳಿ ಕಡೆಯ ಹೆಣ್ಣುಮಗಳು, ಇನ್ನೂ ನಲವತ್ತಾಗಿರಲಿಲ್ಲ. ಆಕೆ ಮೊದಲು ಕೇಳಿದಳು: ಯಾವಾಗ ಹೆಚ್ಚು ಭಾರ ಅನ್ನಿಸುತ್ತದೆ, ಮೂತ್ರ ಸಲೀಸಾಗಿ ಹೋಗುತ್ತದೋ, ಕೆಮ್ಮಿದರೆ ಸೋರುತ್ತದೋ, ಮುಟ್ಟು ನಿಂತು ಎಷ್ಟು ದಿನವಾಯಿತು, ದಿನವಿಡೀ ಏನು ಕೆಲಸ. ಆಮೇಲೆ ಪರದೆ ಎಳೆದು ಹೇಳಿದಳು, "ಒಳಗ ಕೈ ಇಟ್ಟು ನೋಡಬೇಕಾಗ್ತದ್ರಿ. ನೋಡ್ಲೇನು? ನೋವಾದ್ರ ಸಾಕು ಅನ್ರಿ, ಅಲ್ಲಿಗೇ ಬಿಡ್ತೀನಿ."

ಮಹಾದೇವಮ್ಮ ಹೂಂ ಅಂದಳು. ಇಷ್ಟು ದಿನದಲ್ಲಿ ಆಕೆಯ ಅಪ್ಪಣೆ ಕೇಳಿದವರು ಇವಳೊಬ್ಬಳೇ.

ನೋಡಿ ಮುಗಿದ ಮೇಲೆ ಲುಂಬಿನಿ ಎರಡೂ ಕೈ ಕೂಡಿಸಿ ತೊಟ್ಟಿಲಿನಂತೆ ಹಿಡಿದು ತೋರಿಸಿದಳು. "ಒಳಗಿನ ಅಂಗಗಳನ್ನೆಲ್ಲಾ ಇಂಥದೊಂದು ಮಾಂಸದ ಜೋಳಿಗಿ ಹೊತ್ಕೊಂಡಿರ್ತದ. ಹೆರಿಗಿ, ಭಾರ ಎತ್ತೋದು, ವಯಸ್ಸು, ಎಲ್ಲಾ ಸೇರಿ ಅದು ಸಡಲ ಆಗ್ಯದ. ಗಡ್ಡಿ ಅಲ್ಲ, ಹೆದರಬ್ಯಾಡ್ರಿ."

"ಮತ್ತ ಈ ಬೆಲ್ಟು?" ಎಂದು ಮಹಾದೇವಮ್ಮ ಅದನ್ನು ಮೇಜಿನ ಮೇಲೆ ಎಸೆದಳು.

"ಇದು ಹೊಟ್ಟಿ ಬಿಗಿಯೋ ಬೆಲ್ಟು. ಮ್ಯಾಲಿಂದ ಹೊಟ್ಟಿ ಅದುಮಿದ್ರ ಒಳಗಿನ ಭಾರ ಎಲ್ಲಿಗೆ ಹೋಗಬೇಕ್ರಿ? ಕೆಳಗೇ ಅಲ್ಲೇನು? ನಿಮಗಿದು ಬ್ಯಾಡಾಗಿತ್ತು."

"ಸುಟ್ಟು ಹಾಕ್ತೀನಿ ಹಂಗಾರ."

ಬಷೀರಾ ನಡುವೆ ಬಾಯಿ ಹಾಕಿದಳು. "ಅಲ್ಲಕ್ಕಾ, ನಮ್ಮ ಸೊಸಿಗೆ ಸೊಂಟದ ಎಲುಬಿನ ನೋವಿಗೆ ಮೇಡಮ್ಮೋರೇ ಬೆಲ್ಟ್ ಬರದು ಕೊಟ್ಟಾರ. ಆಕಿ ಅದನ್ನ ಕಟ್ಕೊಂಡೇ ಎದ್ದು ನಡಿಯಾಕತ್ಯಾಳ."

"ಅದು ಬ್ಯಾರೆ ತ್ರಾಸ, ಬ್ಯಾರೆ ಬೆಲ್ಟು" ಎಂದಳು ಲುಂಬಿನಿ. "ಒಬ್ಬರ ಕಾಲಿನ ಚಪ್ಪಲಿ ಊರಿಗೆಲ್ಲಾ ಬರ್ತದೇನ್ರಿ?"

ಆಮೇಲೆ ದಾರಿಗಳನ್ನು ಬಿಡಿಸಿ ಹೇಳಿದಳು. ಜೋಳಿಗೆಯ ಮಾಂಸ ಗಟ್ಟಿಮಾಡುವ ಕಸರತ್ತು ಇದೆ. ಅದೊಂದರಿಂದಲೇ ಇಷ್ಟು ಜಾರಿದ್ದು ಮೇಲೇರುವುದು ಕಷ್ಟ, ಆದರೂ ಬಿಡಬಾರದು. ಒಳಗಿಡುವ ರಬ್ಬರಿನಂಥ ರಿಂಗ್ ಇದೆ. ಆಪರೇಷನ್ನೂ ಇದೆ, ಕೆಲವರಿಗೆ ಅದೇ ಒಳ್ಳೆಯದು. "ಯಾವುದು ಅಂತ ನೀವು ಹೇಳ್ರಿ. ಅವಸರ ಇಲ್ಲ."

"ರಿಂಗ್ ನೋಡೋಣ್ರಿ" ಎಂದಳು ಮಹಾದೇವಮ್ಮ.

ಅದು ಅಷ್ಟು ಸಲೀಸಾಗಿ ಆಗಲಿಲ್ಲ. ಮೊದಲು ಹಾಕಿದ್ದು ಒಮ್ಮೆ ಜೋರಾಗಿ ಕೆಮ್ಮಿದ್ದೇ ತಡ, ಹೊರಬಂತು. ಅದಕ್ಕಿಂತ ದೊಡ್ಡದು ಹಾಕಿ ಹೊರಗೆ ಅಡ್ಡಾಡಿ ಬರಲು ಹೇಳಿದಾಗ, ಮೆಟ್ಟಿಲು ಇಳಿಯುವಾಗಲೇ ಒಳಗೆ ಒತ್ತಿ ನೋಯತೊಡಗಿತು. ಮಹಾದೇವಮ್ಮ ಹಲ್ಲು ಕಚ್ಚಿ ಮರಳಿ ಬಂದಳು.

"ತಡ್ಕೋತೀನಿ ಬಿಡ್ರಿ ಮೇಡಮ್. ಬೆಲ್ಟಿಗಿಂತ ಚಲೋ ಅದ."

"ತಡ್ಕೊಳ್ಳೋ ಮಾತೇ ಬ್ಯಾಡ" ಎಂದು ಲುಂಬಿನಿ ಗದರಿಸಿದಳು. "ಜೀವಮಾನ ಎಲ್ಲಾ ತಡಕೊಂಡೇ ಇಲ್ಲಿಗೆ ಬಂದೀರಿ. ಬರೋಬ್ಬರಿ ಕೂತ ರಿಂಗ್ ಒಳಗದ ಅಂತ ನಿಮಗ ಗೊತ್ತೇ ಆಗಬಾರದು. ನಡುವಿನ ಸೈಜು ಕಲಬುರಗಿಯಿಂದ ತರಸ್ತೀನಿ, ಮತ್ತ ಬರ್ರಿ."

ಮುಂದಿನ ವಾರ ಮಹಾದೇವಮ್ಮ ಮತ್ತೆ ಹೋದಳು. ಈ ಸಲ ಬಸ್‌ಸ್ಟ್ಯಾಂಡಿನ ತನಕ ನಡೆದು ಬಂದಳು, ಮೆಟ್ಟಿಲು ಹತ್ತಿಳಿದಳು, ಕುಕ್ಕರುಗಾಲಲ್ಲಿ ಕೂತಳು, ಕೆಮ್ಮಿದಳು, ಮೂತ್ರಕ್ಕೆ ಹೋಗಿ ಬಂದಳು. ಏನೂ ಜಾರಲಿಲ್ಲ, ಏನೂ ಒತ್ತಲಿಲ್ಲ. ನಗು ತಾನಾಗಿ ಬಂತು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಲುಂಬಿನಿ ಅದನ್ನು ತೆಗೆಯುವುದು, ತೊಳೆಯುವುದು, ಮತ್ತೆ ಇಡುವುದು ಕಲಿಸಿದಳು. ಒಣಗಿದ ಒಳಚರ್ಮಕ್ಕೆ ಒಂದು ಮುಲಾಮು ಬರೆದಳು. ರಕ್ತ ಕಂಡರೆ, ವಾಸನೆ ಬಂದರೆ, ಮೂತ್ರ ಕಟ್ಟಿದರೆ ಅಂದೇ ಬರಬೇಕು, ಏನೂ ಇಲ್ಲದಿದ್ದರೂ ಹೇಳಿದ ಹೊತ್ತಿಗೆ ಬಂದು ತೋರಿಸಬೇಕು ಎಂದಳು.

ಮಳೆಗಾಲ ಮುಗಿಯುತ್ತಲೇ ವಾಡಿಗೆ ಮತ್ತೆ ಅದೇ ಮೈಕು ಬಂತು. ಮಹಾದೇವಮ್ಮ ಹಿಟ್ಟಿನ ಕೈ ತೊಳೆದುಕೊಂಡು ಮಂಟಪಕ್ಕೆ ನಡೆದಳು. ಸಿದ್ಧಲಿಂಗನೂ ಗಾಬರಿಯಿಂದ ಹಿಂದೆಯೇ ಬಂದ. ಅದೇ ಬಿಳಿ ಕೋಟಿನವನು ಒಬ್ಬ ಹಸಿ ಬಾಣಂತಿಗೆ ಬೆಲ್ಟು ಬಿಗಿಸುತ್ತಿದ್ದ. ಮಹಾದೇವಮ್ಮ ತನ್ನ ಬೆಲ್ಟನ್ನು ಅವನ ಮುಂದಿಟ್ಟಳು.

"ಸೈಜ್ ತಪ್ಪಿರಬೇಕಮ್ಮ. ದೊಡ್ಡದು ಕೊಡ್ತೀನಿ" ಎಂದ ಅವನು, ಅಭ್ಯಾಸದ ನಗೆಯಲ್ಲಿ.

"ಸೈಜ್ ಇರ್ಲಿ. ನಂಗ ಇದ್ದ ತ್ರಾಸ ಏನು, ಹೇಳು."

"ಸೊಂಟ ನೋವು."

"ಅಲ್ಲ."

"ಹೊಟ್ಟಿ..."

"ಅಲ್ಲ! ನಂಗ ಮೈ ಜಾರಿತ್ತು. ಹೇಳಾಕ ಬಂದ್ರ ಕೈ ಎತ್ತಿ ಬಾಯಿ ಮುಚ್ಚಿಸಿದಿ. ಕಟ್ಟಿದ ಬೆಲ್ಟಿನಿಂದ ಅದು ಇನ್ನೂ ಕೆಳಗ ಬಂತು, ಉಚ್ಚಿ ನಿಂತು ಒದ್ದಾಡಿದೆ. ಈ ಹುಡುಗಿಗೆ ಏನಾಗ್ಯದ, ಕೇಳಿಯೇನು? ಹೊಲಿಗಿ ಹಾಕ್ಯಾರೋ ಇಲ್ಲೋ ಕೇಳಿಯೇನು? ನೀ ಡಾಕ್ಟರಾ?"

ಅವನು ಮೇಜಿನ ಮೇಲಿದ್ದ ಡಬ್ಬಿಗಳನ್ನು ಅತ್ತಿತ್ತ ಸರಿಸತೊಡಗಿದ. ಬಾಗಿಲ ಬಳಿ ನಿಂತ ಒಬ್ಬ ಹಿರಿಯರು, "ಹೆಣ್ಮಕ್ಕಳ ಸುದ್ದಿ ಹಿಂಗ ಮಂದಿ ಮುಂದ ಆಡಬಾರದು ತಂಗಿ, ಮರ್ಯಾದಿ" ಎಂದರು.

"ಮಂದಿ ಮುಂದ ನನ್ನ ಸೊಂಟಕ್ಕ ಕೈ ಹಾಕಿ ಬಿಗಿದಾಗ ಮರ್ಯಾದಿ ಎಲ್ಲಿ ಹೋಗಿತ್ತ್ರಿ ಯಪ್ಪಾ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಬಾಣಂತಿ ತನ್ನ ಬೆಲ್ಟು ಬಿಚ್ಚತೊಡಗಿದಳು. ಸಿದ್ಧಲಿಂಗ ಮಾತ್ರ ಅಲ್ಲಿರಲಿಲ್ಲ. "ಮೈ ಜಾರಿತ್ತು" ಎಂಬ ಮಾತು ಕೇಳಿದಾಗಲೇ ತಲೆ ತಗ್ಗಿಸಿ ಹೊರಟುಹೋಗಿದ್ದ.

ಆಕೆ ಮನೆಗೆ ಬಂದಾಗ ಅವನು ಒಲೆಯ ಹತ್ತಿರ ಕೂತಿದ್ದ. ಒಲೆಯ ಮೇಲೆ ಬೇಳೆ ಕುದ್ದು ಆಗಿತ್ತು. ಆಕೆ ಪಾತ್ರೆಯ ಕಡೆ ಹೆಜ್ಜೆ ಇಟ್ಟಾಗ ಅವನು ಎದ್ದು, ಅರಿವೆ ಸುತ್ತಿ, ತಾನೇ ಅದನ್ನು ಇಳಿಸಿದ. "ನಂಗ ನಾಚಿಕಿ ಬಂತು" ಎಂದ.

"ನಂಗೂ ಬಂದಿತ್ತು. ಅದಕ್ಕೇ ಇಷ್ಟು ದಿನ ಸತ್ತೆ" ಎಂದಳು ಆಕೆ. ಅಂದಿನಿಂದ ದೊಡ್ಡ ಪಾತ್ರೆಗಳು ಅವನ ಪಾಲಿಗೆ ಬಂದವು.

ಆ ಮೇಲೆ ಖಾನಾವಳಿಯ ಹಿತ್ತಲ ಬಾಗಿಲಿಗೆ ಹೆಂಗಸರು ಬರತೊಡಗಿದರು. ಮಹಾದೇವಮ್ಮ ಯಾರಿಗೂ ಮದ್ದು ಹೇಳಲಿಲ್ಲ, ರಿಂಗ್ ಹಾಕಿಸಿಕೊಳ್ಳಿರೆಂದೂ ಹೇಳಲಿಲ್ಲ. ಸೇಡಂನ ವಿಳಾಸ ಕೊಟ್ಟಳು, ಒಂಟಿಯಾಗಿ ಹೋಗಲು ಅಂಜುವವರ ಜೊತೆಗೆ ತಾನೇ ರೈಲು ಹತ್ತಿದಳು. ಒಬ್ಬಳಿಗೆ ಯಾವ ರಿಂಗೂ ನಿಲ್ಲಲಿಲ್ಲ, ಅವಳು ಯೋಚಿಸಿ ಆಪರೇಷನ್ನಿಗೆ ಒಪ್ಪಿದಳು. ಇನ್ನೊಬ್ಬಳಿಗೆ ಕಸರತ್ತೇ ಸಾಕಾಯಿತು. ಶಹಾಬಾದಿನ ಡಾಕ್ಟರು ಮಾತ್ರ ಅದೇ ಕುರ್ಚಿಯಲ್ಲಿ ಕೂತು ಗಂಡಂದಿರ ಜೊತೆಗೇ ಮಾತಾಡುತ್ತಿದ್ದಾನೆಂದು ಸುದ್ದಿ ಬರುತ್ತಿತ್ತು. ಕೇಳಿದಾಗಲೆಲ್ಲ ಆಕೆಯ ಮೈ ಉರಿಯುತ್ತಿತ್ತು.

ಒಂದು ದಿನ ಸುಲೇಪೇಟದಿಂದ ತಂಗಿ ಸುಮಂಗಲಾ ಫೋನ್ ಮಾಡಿದಳು. ಊರಲ್ಲಿ ಬೆಲ್ಟಿನವರು ಬಂದಿದ್ದಾರೆ, ಓಣಿಯವರೆಲ್ಲ ಹೊರಟಿದ್ದಾರೆ, ತಾನೂ ಹೋಗಲೇ ಎಂದು ಕೇಳಿದಳು.

"ಹೋಗು" ಎಂದಳು ಮಹಾದೇವಮ್ಮ, ಫೋನನ್ನು ಹೆಗಲಿಗೆ ಒತ್ತಿ ಹಿಡಿದು ರೊಟ್ಟಿ ತಟ್ಟುತ್ತ. "ಹೋಗಿ ಎಲ್ಲಾರಕಿಂತ ಮುಂದ ನಿಂದ್ರು. ಕಟ್ಟಾಕ ಬಂದ್ರ, ನಂಗೇನಾಗ್ಯದ ಹೇಳು ಅಂತ ಕೇಳು. ಜೋರಲೇ ಕೇಳು, ಹಿಂದಿದ್ದೋರಿಗೂ ಕೇಳಬೇಕು. ಉತ್ತರ ಬರ್ಲಿಲ್ಲಂದ್ರ ಕೈ ಹಚ್ಚಾಕ ಬಿಡಬ್ಯಾಡ."