ತಿಪ್ಪವ್ವ ಕಟ್ಟೆಗೆ ಕುಳಿತದ್ದು

ರೇಷ್ಮಾ ಮನೆ ಮುಂದಿನ ಕಟ್ಟೆಯ ಮೇಲೆ ಇನ್ನೊಂದು ಕೊಡ ನೀರು ಸುರುವಿ ಕಸಬರಿಗೆಯಿಂದ ತಿಕ್ಕುತ್ತಿದ್ದಳು. ಹಾಸುಗಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನೂಲಿನ ಎಳೆಗಳು ಏನು ಮಾಡಿದರೂ ಬರಲೊಲ್ಲವು. ಬಾಗಿ ಉಗುರಿನಿಂದ ಕೀಳುತ್ತಿದ್ದಾಗ ಪಕ್ಕದ ಮನೆಯ ಶಶಿಕಾಂತ ಶೆಟ್ಟರು ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಚೆಂಡುಹೂವಿನ ಹಾರವಿತ್ತು.

"ಯಾಕವಾ ಇಷ್ಟ ನೀರು? ನಿಮ್ಮತ್ತೀನ್ನ ಒಳಗ ಕುಂದ್ರಸ್ತೀರಲ್ಲ?"

"ಇಲ್ರಿ, ಹೊರಗ. ಇಲ್ಲೇ."

ಶೆಟ್ಟರು ಹಾರವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ನೋಡವಾ, ಸತ್ತ ಮನ್ಯಾಗ ಮಾತಾಡಬಾರದು. ಆದ್ರೂ ಈ ಕಟ್ಟೀ ತಕರಾರು ಇನ್ನೂ ಮುಗದಿಲ್ಲ. ಮನಿ ಕೊಡ್ರಿ, ಕಟ್ಟಿ ನಮಗ ಸೇರಿದ್ದು ಅಂತ ನಾ ಕಾಗದ ಬರದು ಒಂದು ಮಳಿಗಾಲ ಹೋತು. ನಿಮ್ಮ ಕಡಿಂದ ಉತ್ತರ ಇಲ್ಲ. ಉತ್ತರ ಇಲ್ಲಂದ್ರ ಒಪ್ಪಿದಂಗ ಅಂತ ತಿಳಕೊಂಡೇವಿ."

ರೇಷ್ಮಾಳ ಕೈ ನಿಂತಿತು. ಉತ್ತರವನ್ನು ಅವಳೇ ತನ್ನ ಕೈಯಾರೆ ಬರೆದಿದ್ದಳು. ಟಪಾಲಿಗೆ ಹಾಕಿ ಬರಲು ಗಂಡನ ಕೈಗೆ ಕೊಟ್ಟಿದ್ದಳು. ಹೊಸ್ತಿಲಲ್ಲಿ ನಿಂತಿದ್ದ ಕಳಕೇಶನ ಕಡೆ ನೋಡಿದಳು. ಅವನು ಓಣಿಯ ತುದಿಯ ಗುಡ್ಡ ನೋಡತೊಡಗಿದ.

ವಾಡೇದ ಓಣಿ ಎಂದರೆ ಗಜೇಂದ್ರಗಡದಲ್ಲಿ ಹೇಳಬೇಕಾದ್ದಿಲ್ಲ. ಗಿಳಿ ಕೆತ್ತಿದ ಸಾಗವಾನಿ ಕಂಬಗಳು, ಎದೆಮಟ್ಟದ ಕಲ್ಲುಕಟ್ಟೆಗಳು, ಓಣಿಯ ಕೊನೆಗೆ ಕೋಟೆಯ ಗುಡ್ಡ. ಹಳೇ ಮನೆಗಳ ಹುಚ್ಚು ಹಿಡಿದ ಹುಬ್ಬಳ್ಳಿಯ ಮಂದಿ ಈಗ ಕಾರು ತಗೊಂಡು ಬಂದು ಬೆಲೆ ಕೇಳುತ್ತಾರೆ. ಈ ಓಣಿಗೊಂದು ಪದ್ಧತಿಯಿತ್ತು. ಮನೆಯ ಯಜಮಾನರು ಸತ್ತರೆ ಹೆಣವನ್ನು ಮುಂದಿನ ಕಟ್ಟೆಯ ಮೇಲೆ ಗೋಡೆಗೊರಗಿಸಿ, ಗುಡ್ಡದ ಕಡೆ ಮುಖ ಮಾಡಿ ಕೂಡಿಸುವುದು. ಬಾಡಿಗೆಯವರು, ಆಳುಮಕ್ಕಳು ಸತ್ತರೆ ಒಳಗೇ ಕೂಡಿಸಿ ಹಿತ್ತಲ ಸಂದಿಯಿಂದ ಒಯ್ಯುವುದು. ರೇಷ್ಮಾಳ ಅತ್ತೆ ತಿಪ್ಪವ್ವ ಈ ಓಣಿಯಲ್ಲಿ ಮನೆ ಮಾಡಿದ ಒಬ್ಬಳೇ ನೇಕಾರಳು. ಅವಳನ್ನು ಎಲ್ಲಿ ಕೂಡಿಸುತ್ತಾರೆ ಎನ್ನುವುದರ ಮೇಲೆ ಈ ಮನೆ ಯಾರದೆಂದು ಊರು ತಿಳಿಯುವುದಿತ್ತು.

"ಒಳಗ ಕುಂದ್ರಸೋಣ ಬಿಡು," ಎಂದ ಕಳಕೇಶ, ಮೆಲ್ಲಗೆ.

*

ತಿಪ್ಪವ್ವ ಮೊದಲ ಸಲ ಈ ಓಣಿಗೆ ಬಂದದ್ದು ಸೀರೆಯ ಗಂಟು ಹೊತ್ತುಕೊಂಡು. ಶಶಿಕಾಂತನ ತಾಯಿ ಅನ್ನಪೂರ್ಣೇಶ್ವರಿ ಕಟ್ಟೆಯ ಮೇಲೆ ಕುಳಿತು, ಸೆರಗು ಬಿಡಿಸಿ ನೋಡಿ, "ನೇಯ್ಗಿ ಚಲೋ ಐತಿ. ನೀ ಕೆಳಗ ನಿಂದ್ರು, ಗಂಟು ಅಷ್ಟ ಮ್ಯಾಲ ಇಡು," ಎಂದಿದ್ದರು. ಕಟ್ಟೆಯ ಮೇಲೆ ನೆರಳು, ಕೆಳಗೆ ಬಿಸಿಲು. ತಿಪ್ಪವ್ವನ ಸೀರೆಗಳು ನೆರಳಿಗೆ ಕೂತವು. ತಿಪ್ಪವ್ವ ಬಿಸಿಲಿಗೆ ನಿಂತಳು.

ಆ ಸಿಟ್ಟಿಗೇ ಮನೆ ಮಾಡಿದಳೆಂದು ಊರು ಆಡಿಕೊಂಡಿತು. ಅವಳು ಕೇಳಿ ನಗುತ್ತಿದ್ದಳು.

"ಸಿಟ್ಟಿಗೆ ಯಾರರ ಸೋರೂ ಮನಿ ತಗೋತಾರೇನು? ನಮ್ಮ ಓಣ್ಯಾಗ ಮಗ್ಗದ ಕುಣಿಯಾಗ ಕುಂತ್ರ ಗೋಡಿ ಕಾಣತೈತಿ. ಇಲ್ಲೆ ಸಂಜೀಗೆ ಗುಡ್ಡ ಅರಿಶಿಣ ಹಚ್ಚಿದಂಗ ಆಗತೈತಿ. ಗಾಳಿ ತಾನ ಓಣ್ಯಾಗ ಬಂದು ಹೊಕ್ಕತೈತಿ. ಚೆಂದಂದು ಶೆಟ್ಟರ ಕಣ್ಣಿಗಷ್ಟ ಕಾಣತೈತೇನು? ನನಗೂ ಕಣ್ಣದಾವ."

ಶೆಟ್ಟರ ಮನೆತನದ ಅಣ್ಣತಮ್ಮಂದಿರ ಪಾಲಿನಲ್ಲಿ ಸಿಗಿದುಳಿದ ಒಂದು ಸೀಳು ಮನೆ ಅದು. ಬೇಸತ್ತ ಪಾಲುದಾರನೊಬ್ಬ ಅದನ್ನು ಅವಳಿಗೆ ಮಾರಿ ಊರು ಬಿಟ್ಟಿದ್ದ. ಮಾಳಿಗೆಗೆ ತಾನೇ ಮಣ್ಣು ಹೊತ್ತಳು. ಗಂಡ ಹುಚ್ಚಪ್ಪ, "ಹುಚ್ಚು ನನ್ನ ಹೆಸರಿನ್ಯಾಗ, ನಿನ್ನ ತಲ್ಯಾಗ," ಎನ್ನುತ್ತ ಹಿಂದೆ ಬುಟ್ಟಿ ಹೊತ್ತ.

*

ಮೈತೊಳೆದು ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಇಟ್ಟು, ತಿಪ್ಪವ್ವನನ್ನು ಪಡಸಾಲೆಯ ಕುರ್ಚಿಯಲ್ಲಿ ಕೂಡಿಸಿ ಕಟ್ಟಿದ್ದರು. ಅವಳಿಗೆ ವರ್ಷಾನುಗಟ್ಟಲೆ ನೂಲು ಸುತ್ತಿ ಕೊಟ್ಟ ಮೈಮುನಬಿ ಕಾಲ ಬಳಿ ಕುಳಿತಿದ್ದಳು. ಭಜನೆಯವರು ಓಣಿಯಲ್ಲಿ ತಾಳ ಹಿಡಿದು ಕಾಯುತ್ತಿದ್ದರು.

"ದರ್ಶನಕ್ಕ ಎಲ್ಲೆ ಇಡ್ತೀರಿ?" ಎಂದರು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು.

ಎಲ್ಲರೂ ಕಳಕೇಶನ ಬಾಯಿ ನೋಡಿದರು.

ಶೆಟ್ಟರು ಬಾಗಿಲಿಗೆ ಬಂದು ನಿಂತು ಕೈ ಮುಗಿದರು. "ಇವತ್ತೊಂದಿನ ನನ್ನ ಮಾತು ನಡಸ್ರಿ. ಹುಬ್ಬಳ್ಳಿಂದ ನಮ್ಮ ಮನಿ ನೋಡಾಕ ಮಂದಿ ಹೊಂಟಾರ. ತಿಪ್ಪವ್ವನ ಮ್ಯಾಲ ನನಗ ಮಮತಾ ಇಲ್ಲಂತಲ್ಲ. ಸಣ್ಣಾಂವಿದ್ದಾಗ ಆಕಿ ಕೈಯಾಗಿನ ರೊಟ್ಟಿ ತಿಂದೇನಿ."

"ತಿಂದೀರಿ," ಎಂದಳು ಮೈಮುನಬಿ. "ಒಳಗ ಬಂದು, ಇದ ನೆಲದ ಮ್ಯಾಲ ಕುಂತು. ಆಕೀಗಿ ಕಟ್ಟಿ ಮ್ಯಾಲ ಕುಂದ್ರಾಕ ನಿಮ್ಮ ಅಪ್ಪಣಿ ಬೇಕೇನ್ರಿ? ಸತ್ತಾಕಿ ಒಂದೀಟು ಹೊತ್ತು ಕುಂತ್ರ ಕಲ್ಲು ಸವಿಯೂದಿಲ್ಲ ಶೆಟ್ರ."

ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು.

"ಮಾತು ಕಲ್ಲಿಂದಲ್ಲ ಮೈಮುನಬಿ."

"ನನಗ ಗೊತ್ತೈತಿ ಯಾತರದ್ದು ಅಂತ."

*

ಒಂದೇ ಗೋಡೆಯ ಆಚೆ ಮಲಗುವ ಶೆಟ್ಟರು ಆ ಕಾಗದವನ್ನು ರಿಜಿಸ್ಟರ್ ಟಪಾಲಿನಲ್ಲಿ ಕಳಿಸಿದ್ದರು. ಟಪಾಲಿನ ಇಮಾಮಸಾಬ ಶೆಟ್ಟರ ಕಟ್ಟೆಗೆ ಸೈಕಲ್ ಆನಿಸಿ ತಿಪ್ಪವ್ವನ ಸಹಿ ಮಾಡಿಸಿಕೊಂಡು ಹೋಗಿದ್ದ.

"ಬರಕೋ," ಎಂದಿದ್ದಳು ತಿಪ್ಪವ್ವ ಸೊಸೆಗೆ. "ಶಶಿಕಾಂತಗ ತಿಪ್ಪವ್ವನ ಶರಣು. ಮನಿ ಕೊಡೂದಿಲ್ಲ. ಕಟ್ಟಿ ಕೊಡೂದಿಲ್ಲ. ಕಟ್ಟಿ ಮ್ಯಾಲ ನೂಲು ಒಣಗಸೂದು ಬಿಡೂದಿಲ್ಲ."

"ಕಾರಣ ಬರೀಬೇಕಲ್ರಿ ಅತ್ತಿ?"

"ಅವಗ ಯಾಕ ಇಲ್ಲಿರಬೇಕಂತ ಯಾರರ ಕಾರಣ ಕೇಳ್ಯಾರೇನು? ನನಗ ಯಾಕ ಕೇಳಬೇಕು? ಇಷ್ಟ ಸಾಕು."

ರೇಷ್ಮಾಳಿಗೆ ಈ ಮನೆ ಕೊಟ್ಟು ಹೊಸ ಬಡಾವಣೆಗೆ ಹೋಗುವ ಆಸೆ ಇರಲಿಲ್ಲವೆಂದಲ್ಲ. ಅಲ್ಲಿ ನಳ ಮನೆಯೊಳಗೇ ಬರುತ್ತದೆ, ಕಳಕೇಶ ಹೇಳುವಂತೆ ಪವರ್‌ಲೂಮು ಹಾಕಲು ಜಾಗವಿರುತ್ತದೆ. ಆದರೂ ಆ ಸಂಜೆ ಬರೆದು ಮುಗಿಸಿ ಅತ್ತೆಯ ಪಕ್ಕ ಕಟ್ಟೆಗೆ ಕುಳಿತಾಗ ಗುಡ್ಡ ಅರಿಶಿಣವಾಯಿತು. ಇಬ್ಬರೂ ಏಳಲಿಲ್ಲ. ಒಲೆಯ ಮೇಲಿನ ಬೇಳೆ ಹೊತ್ತಿತು.

*

ರೇಷ್ಮಾ ಸೆರಗು ನಡುವಿಗೆ ಸಿಗಿಸಿಕೊಂಡು ಕುರ್ಚಿಯ ಒಂದು ಬದಿ ಹಿಡಿದಳು. ಮೈಮುನಬಿ ಎದ್ದು ಇನ್ನೊಂದು ಬದಿ ಹಿಡಿದಳು. ಕುರ್ಚಿ ಮೇಲೆದ್ದಿತು, ವಾಲಿತು. ತಿಪ್ಪವ್ವನ ತಲೆ ಒಂದು ಕಡೆ ಜರುಗಿತು.

"ಹಿಡೀರಿ," ಎಂದಳು ರೇಷ್ಮಾ ಗಂಡನ ಮುಖ ನೋಡದೆ. "ನಿಮ್ಮವ್ವ ಬೀಳ್ತಾಳ."

ಕಳಕೇಶ ಹಿಡಿದ. ಒಂದು ಗಳಿಗೆ ಹಿತ್ತಲ ಕಡೆ ನೋಡಿದ, ಮತ್ತೊಂದು ಗಳಿಗೆ ಬಾಗಿಲ ಕಡೆ. ಆಮೇಲೆ, "ಶೆಟ್ರ, ಒಂದೀಟು ಹಾದಿ ಬಿಡ್ರಿ," ಎಂದ.

ಶೆಟ್ಟರು ಸರಿದರು.

ತಿಪ್ಪವ್ವ ಕಟ್ಟೆಯ ಮೇಲೆ ಕುಳಿತಳು. ಊರು ಸಾಲಾಗಿ ಬಂತು. ನೇಕಾರ ಓಣಿಯ ಹೆಂಗಸರು ಮೆಟ್ಟಿಲ ಕೆಳಗೇ ನಿಂತು ಹೂ ಚೆಲ್ಲಹೋದರೆ ಮೈಮುನಬಿ, "ಮ್ಯಾಲ ಬರ್ರಿ, ಮ್ಯಾಲ ಬರ್ರಿ," ಎಂದು ಒಬ್ಬೊಬ್ಬರನ್ನೇ ಕೈಹಿಡಿದು ಹತ್ತಿಸಿದಳು. ಹತ್ತಿದವರು ಬೇಗ ಇಳಿಯಲಿಲ್ಲ. ಹುಬ್ಬಳ್ಳಿಯ ಕಾರು ಬಂದು, ಮಂದಿಯಲ್ಲಿ ಸಿಕ್ಕು, ಹಿಂದೆ ಹಿಂದೆ ಸರಿದು ಹೋಯಿತು. ಕೊನೆಗೆ ಶೆಟ್ಟರೂ ಬಂದು ಹಾರ ಹಾಕಿದರು. ಇಳಿಯುವಾಗ ಕಳಕೇಶನ ಕಿವಿಯಲ್ಲಿ, "ಕಟ್ಟೀ ಮಾತು ಮುಗದಿಲ್ಲ, ನೆನಪಿರಲಿ," ಎಂದರು.

"ಉತ್ತರ ಬರತೈತಿ," ಎಂದ ಕಳಕೇಶ.

ಮಣ್ಣು ಕೊಟ್ಟು ಬರುವಾಗ ಹೊತ್ತು ಇಳಿದಿತ್ತು. ಕಳಕೇಶ ಮನೆಯೊಳಗೆ ಹೋಗಿ, ಮಗ್ಗದ ಮೇಲಿನ ಗಳದ ಸಂದಿಯಿಂದ ಲಕೋಟೆ ತೆಗೆದು ತಂದ.

"ನೀ ಬಯ್ಯಿ ಬೇಕಾರ," ಎಂದ.

"ಆಮ್ಯಾಲ ಬಯ್ತೀನಿ. ಲಗೂ ನಡೀರಿ, ಟಪಾಲ ಕಚೇರಿ ಮುಚ್ಚತೈತಿ."

ಕಟಾಂಜನದ ಆಚೆ ಕುಳಿತಿದ್ದ ಇಮಾಮಸಾಬ ವಿಳಾಸ ಓದಿ ಕನ್ನಡಕ ಮೇಲೆತ್ತಿದ. "ಬಾಜೂ ಮನೀಗೆ ಅಲ್ಲೇನೋ ಇದು? ಹೋಗೂ ಹಾದ್ಯಾಗ ಕೈಯಾಗ ಕೊಟ್ರ ಆಗೂದಿಲ್ಲ?"

"ಅವರು ಹ್ಯಾಂಗ ಕಳಿಸಿದ್ರು, ಹಂಗ ಹೋಗ್ಲಿ ಚಾಚಾ," ಎಂದಳು ರೇಷ್ಮಾ. "ರಿಜಿಸ್ಟರ್ ಮಾಡ್ರಿ."

"ಕಳಿಸಿದವರ ಹೆಸರ ಇಲ್ಲಲ್ಲ."

ಕಳಕೇಶ ಪೆನ್ನು ತೆಗೆದುಕೊಂಡು ಹೆಂಡತಿಯ ಕಡೆ ತಿರುಗಿದ. "ಅವ್ವನ ಹೆಸರು ಬರೀಲೇನು?"

"ಬರೀರಿ. ಕೆಳಗ ನಿಮ್ಮದೂ ಬರೀರಿ. ಇನ್ನ ಮ್ಯಾಲ ಕಾಗದ ಬಂದ್ರ ಇಸಗೊಳ್ಳಾವ್ರು ನಾವು."

ಅವನು ಎರಡೂ ಹೆಸರು ಬರೆದ. ಅದರ ಕೆಳಗೆ ಅಕ್ಷರ ಬಿಡಿಸಿ ಬಿಡಿಸಿ, ವಾಡೇದ ಓಣಿ, ಗಜೇಂದ್ರಗಡ, ಎಂದು ಬರೆದ. ಅವನ ಹೆಬ್ಬೆರಳಿನ ವಿಭೂತಿ ಲಕೋಟೆಯ ಮೂಲೆಗೆ ಬಿಳಿ ಅಚ್ಚಾಗಿ ಬಿತ್ತು. ಇಮಾಮಸಾಬ ಅದನ್ನು ಒರೆಸಲಿಲ್ಲ. ಅದರ ಪಕ್ಕದಲ್ಲೇ ಠಸ್ಸೆಂದು ಮುದ್ರೆ ಒತ್ತಿ, ಊರೊಳಗಿನ ಟಪಾಲಿನ ಚೀಲಕ್ಕೆ ಹಾಕಿದ.